ಒಂದೇ ‘ಟ’, ನೂರು ನಾಲಿಗೆ

ಕಳೆದ ಭಾನುವಾರ ಮಧ್ಯಾಹ್ನ ಊಟದ ಪಾತ್ರೆಗಳನ್ನೆಲ್ಲ ತೊಳೆದಿಟ್ಟ ಮೇಲೆ ನಾನು, ಅಕ್ಕ ಅಡುಗೆಮನೆಯಲ್ಲಿ ಒಂದು ಪ್ರಯೋಗಕ್ಕೆ ಕೂತೆವು. ಕೋಕೋ ಪುಡಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಹಾಕಿ ಕಲಸಿ, ಹತ್ತಿಕಡ್ಡಿಯಲ್ಲಿ ಅದ್ದಿ, ನಾಲಿಗೆಯ ತುದಿಗೆ ಮೇಲೂ ಕೆಳಗೂ ಬಳಿದುಕೊಂಡೆವು. ಆಮೇಲೆ ಒಂದೇ ಒಂದು ಸಲ ‘ಅಟ್ಟ’ ಅಂದು, ಬಾಯಿ ಮುಚ್ಚದೆ, ಮೊಬೈಲಿನ ಟಾರ್ಚ್ ಹಾಕಿ, ಪುಟ್ಟ ಕನ್ನಡಿಯೊಂದನ್ನು ಕೆಳಹಲ್ಲಿನ ಮೇಲೆ ಓರೆಯಾಗಿ ಹಿಡಿದು ಅಂಗುಳವನ್ನು ನೋಡಿಕೊಂಡೆವು.

ನನ್ನ ಅಂಗುಳದಲ್ಲಿ ಕಂದು ಬಣ್ಣದ ಗುರುತು ಮೇಲ್ವಸಡಿನ ದಿಣ್ಣೆಯ ಬೆನ್ನಿಗೇ ಅಂಟಿತ್ತು. ಅಕ್ಕನದು ಇನ್ನೂ ಎಷ್ಟೋ ಹಿಂದೆ, ತೆಳ್ಳಗಿನ ಬಿಲ್ಲಿನ ಹಾಗೆ ಬಾಗಿ ಕೂತಿತ್ತು.

“ನೀ ಸರಿಯಾಗಿ ಹೇಳಿಲ್ಲ ಕಣೇ, ಇನ್ನೊಂದ್ಸಲ ಹೇಳು” ಅಂದಳು ಅಕ್ಕ.

ಬಾಯಿ ಮುಕ್ಕಳಿಸಿ, ಮತ್ತೆ ಬಳಿದುಕೊಂಡು, ಮತ್ತೆ ಹೇಳಿದೆ. ಗುರುತು ಮತ್ತೆ ಅಲ್ಲೇ. ಅವಳೂ ಹೇಳಿದಳು, ಅವಳದೂ ಅವಳ ಜಾಗದಲ್ಲೇ! ನಮ್ಮಿಬ್ಬರಿಗೂ ಮಾತು ಕಲಿಸಿದವಳು ಒಬ್ಬಳೇ ಅಮ್ಮ. ಒಂದೇ ಮನೆ, ಒಂದೇ ಬೀದಿ, ಒಂದೇ ಶಾಲೆ. ಕಣ್ಣು ಮುಚ್ಚಿ ಕೇಳಿದರೆ ಇಬ್ಬರ ‘ಟ’ಕ್ಕೂ ಕೂದಲೆಳೆಯ ಅಂತರವಿಲ್ಲ. ಬಾಯೊಳಗೆ ಮಾತ್ರ ಅವಳ ದಾರಿ ಅವಳಿಗೆ, ನನ್ನ ದಾರಿ ನನಗೆ.

ಅಂದಿನಿಂದ ನನಗೆ ಯಾರು ಮಾತಾಡಿದರೂ ಅವರ ಮಾತಿಗಿಂತ ಮೊದಲು ಅವರ ಬಾಯೊಳಗಿನ ಕತ್ತಲೆಯೇ ನೆನಪಾಗುತ್ತದೆ. ಅಲ್ಲಿ ಏನು ನಡೆಯುತ್ತಿರಬಹುದು! ಮಾತಿನ ವಿಜ್ಞಾನಿಗಳು ನೂರು ವರ್ಷಕ್ಕೂ ಮಿಕ್ಕಿ ಆ ಕತ್ತಲೆಯನ್ನು ಇಣುಕುತ್ತಿದ್ದಾರೆ. ಒಬ್ಬರ ನಾಲಿಗೆಯನ್ನು ಅಳೆಯಲು ಕಲಿತದ್ದೇ ದೊಡ್ಡ ಸಾಹಸ. ಇಬ್ಬರ ನಾಲಿಗೆಗಳನ್ನು ಹೋಲಿಸಲು ಹೊರಟಾಗ ಎದುರಾದದ್ದು ಅದಕ್ಕಿಂತ ದೊಡ್ಡ ಸೋಜಿಗ.

ಎಲುಬಿಲ್ಲದ ಕುಣಿತಗಾರ

‘ಎಲುಬಿಲ್ಲದ ನಾಲಿಗೆ’ ಎಂದು ನಾವು ಬೈಗುಳದಂತೆ ಆಡುವ ಮಾತು ಅಕ್ಷರಶಃ ನಿಜ, ಮತ್ತು ಆ ನಿಜವೇ ಒಂದು ಬೆರಗು. ಕೈ ಎತ್ತಬೇಕಾದರೆ ಸ್ನಾಯು ಎಳೆಯಲು ಮೂಳೆಯ ಆಸರೆ ಬೇಕು. ನಾಲಿಗೆಯ ಒಳಗೆ ಅಂಥ ಆಸರೆಯೇ ಇಲ್ಲ. ಎಂಟು ಜೋಡಿ ಸ್ನಾಯುಗಳು ಜಡೆಯ ಹಾಗೆ ಹೆಣೆದುಕೊಂಡಿವೆ; ನಾಲ್ಕು ನಾಲಿಗೆಯೊಳಗೇ ಹುಟ್ಟಿ ಅಲ್ಲೇ ಮುಗಿಯುತ್ತವೆ, ನಾಲ್ಕು ಹೊರಗಿನಿಂದ ಬಂದು ಸೇರುತ್ತವೆ. ಆನೆಯ ಸೊಂಡಿಲು, ಆಕ್ಟೋಪಸ್‌ನ ತೋಳು, ನಮ್ಮ ನಾಲಿಗೆ ಈ ಮೂರೂ ಒಂದೇ ಜಾತಿಯ ಯಂತ್ರಗಳು ಎಂದು ವಿಲಿಯಂ ಕೀರ್ ಮತ್ತು ಕ್ಯಾತ್ಲೀನ್ ಸ್ಮಿತ್ 1985ರಲ್ಲಿ ವಿವರಿಸಿದರು. ನೀರು ತುಂಬಿದ ಬಲೂನನ್ನು ಒಂದು ಕಡೆ ಹಿಸುಕಿದರೆ ಇನ್ನೊಂದು ಕಡೆ ಉಬ್ಬುವಂತೆ, ನಾಲಿಗೆಯ ಗಾತ್ರ ಬದಲಾಗುವುದಿಲ್ಲ, ಆಕಾರ ಬದಲಾಗುತ್ತದೆ. ಈ ಹಿಸುಕಾಟ, ಉಬ್ಬಾಟದಲ್ಲೇ ನಾವು ಸೆಕೆಂಡಿಗೆ ಹತ್ತು ಹದಿನೈದು ಧ್ವನಿಗಳನ್ನು ಹೊರಡಿಸುತ್ತೇವೆ!

ಇದನ್ನು ನೋಡುವುದು ಹೇಗೆ? ಲಂಡನ್ನಿನ ಧ್ವನಿವಿಜ್ಞಾನಿ ಡೇನಿಯಲ್ ಜೋನ್ಸ್ 1917ರಲ್ಲಿ ನಾಲಿಗೆಯ ಮೇಲೆ ಸಣ್ಣ ಲೋಹದ ಸರಪಳಿಯೊಂದನ್ನು ಇಟ್ಟುಕೊಂಡು ಸ್ವರಗಳನ್ನು ಉಚ್ಚರಿಸಿ ಎಕ್ಸ್‌ರೇ ತೆಗೆಸಿದ. ಮೆತ್ತನೆಯ ಮಾಂಸ ಎಕ್ಸ್‌ರೇಯಲ್ಲಿ ಮಸುಕು. ಸರಪಳಿ ಮಾತ್ರ ಸ್ಪಷ್ಟ ಗೆರೆಯಾಗಿ ನಾಲಿಗೆಯ ಬೆನ್ನಿನ ಏರಿಳಿತವನ್ನು ಬರೆದು ಕೊಟ್ಟಿತು. ಮುಂದೆ ಜಪಾನಿನ ಒಸಾಮು ಫುಜಿಮುರಾ ಮತ್ತು ಸಂಗಡಿಗರು ಒಂದು ಜಾಣ ಉಪಾಯ ಕಂಡುಕೊಂಡರು. ಎರಡು ಮೂರು ಮಿಲಿಮೀಟರಿನ ಚಿನ್ನದ ಕಾಳುಗಳನ್ನು ನಾಲಿಗೆಗೆ ಅಂಟಿಸುವುದು. ಕಂಪ್ಯೂಟರ್ ಹಿಡಿತದ ಸೂಜಿಯಷ್ಟು ತೆಳುವಾದ ಎಕ್ಸ್‌ರೇ ಕಿರಣ ಆ ಕಾಳುಗಳನ್ನಷ್ಟೇ ಬೆನ್ನಟ್ಟುವುದು. ಇಡೀ ತಲೆಗೆ ಎಕ್ಸ್‌ರೇ ಸುರಿಯುವುದು ತಪ್ಪಿತು. ಅಮೆರಿಕದ ಮ್ಯಾಡಿಸನ್‌ನಲ್ಲಿರುವ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ಇಂಥದೊಂದು ಯಂತ್ರ ನಿಂತಿತು. ಅಲ್ಲಿ ಜಾನ್ ವೆಸ್ಟ್‌ಬರಿ ನೇತೃತ್ವದಲ್ಲಿ 50ಕ್ಕೂ ಹೆಚ್ಚು ಜನರ ಮಾತು, ಪ್ರತಿ ನಾಲಿಗೆಯ ಮೇಲೂ ನಾಲ್ಕು ಚಿನ್ನದ ಕಾಳಿನೊಂದಿಗೆ, ದಾಖಲಾಯಿತು. ಎಂಥ ಖಜಾನೆ!

ಇವತ್ತು ಎಕ್ಸ್‌ರೇಯೂ ಬೇಡ. ಜರ್ಮನಿಯ ಗಟಿಂಗೆನ್‌ನಲ್ಲಿ 1980ರ ದಶಕದಲ್ಲಿ ರೂಪುಗೊಂಡ ಎಲೆಕ್ಟ್ರೋಮ್ಯಾಗ್ನೆಟಿಕ್ ಆರ್ಟಿಕ್ಯುಲೋಗ್ರಫಿ, ಕಿರಿದಾಗಿ ‘ಎಮಾ’, ಕಾಂತಕ್ಷೇತ್ರದಿಂದಲೇ ನಾಲಿಗೆಯನ್ನು ಹಿಂಬಾಲಿಸುತ್ತದೆ. ಅದರ ತಯಾರಿಯೇ ಒಂದು ಸಣ್ಣ ಪೂಜೆಯಷ್ಟು ನಾಜೂಕು. ಮಾತಾಡುವವರು ನಾಲಿಗೆ ಚಾಚಿ ಕೂರಬೇಕು. ಸಂಶೋಧಕಿ ಹತ್ತಿಬಟ್ಟೆಯಿಂದ ನಾಲಿಗೆ ಹಿಡಿದು ಒರೆಸಿ ಒಣಗಿಸುತ್ತಾಳೆ, ಏಕೆಂದರೆ ಎಂಜಲಿನ ಮೇಲೆ ಯಾವ ಅಂಟೂ ನಿಲ್ಲದು. ಅಕ್ಕಿಕಾಳಿನಷ್ಟು ಪುಟ್ಟ ಸೆನ್ಸರಿಗೆ ದಂತವೈದ್ಯರು ಬಳಸುವಂಥ ಅಂಟು ಸವರಿ, ತುದಿಯಿಂದ ಸುಮಾರು ಒಂದು ಸೆಂಟಿಮೀಟರ್ ಹಿಂದೆ ಒತ್ತಿ ಹಿಡಿಯುತ್ತಾಳೆ. ಇನ್ನೊಂದು ನಡುವಿಗೆ, ಮತ್ತೊಂದು ಅದಕ್ಕೂ ಹಿಂದೆ. ಕೂದಲಿನಂಥ ತಂತಿಗಳು ಬಾಯಿಯ ಮೂಲೆಯಿಂದ ಹೊರಗಿಳಿಯುತ್ತವೆ. ಮೊದಲ ಕೆಲವು ನಿಮಿಷ ಮಾತು ತೊದಲುತ್ತದೆ. ಆಮೇಲೆ ನಾಲಿಗೆ ಆ ಹೊರೆಯನ್ನೇ ಮರೆತುಬಿಡುತ್ತದೆ! ಯಂತ್ರ ಸೆಕೆಂಡಿಗೆ ಇನ್ನೂರು ಚಿಲ್ಲರೆ ಸಲ ಪ್ರತಿ ಸೆನ್ಸರ್ ಎಲ್ಲಿದೆ ಎಂದು ಬರೆದುಕೊಳ್ಳುತ್ತಾ ಹೋಗುತ್ತದೆ.

ಅಂಕಿಗಳು ಕೈಕೊಟ್ಟಾಗ

ಈಗ ಇಬ್ಬರ ಅಂಕಿಗಳನ್ನು ಪಕ್ಕಪಕ್ಕ ಇಡೋಣ. ಒಬ್ಬರ ‘ಈ’ಕಾರಕ್ಕೆ ನಾಲಿಗೆಯ ನಡು ಎದ್ದ ಎತ್ತರ, ಇನ್ನೊಬ್ಬರ ‘ಎ’ಕಾರದ ಎತ್ತರಕ್ಕೆ ಸಮ ಬರುತ್ತದೆ. ಒಬ್ಬರ ‘ತ’ ಎಲ್ಲಿದೆಯೋ ಇನ್ನೊಬ್ಬರ ‘ಟ’ ಅಲ್ಲಿದೆ. ಒಂದೇ ಭಾಷೆಯ ಜನರೇ ಇವರು ಎಂದು ಅನುಮಾನ ಬರುವಷ್ಟು ಕಲಸುಮೇಲೋಗರ.

ಸದ್ದಿನ ಲೋಕ ಈ ಗೊಂದಲವನ್ನು ಮೊದಲೇ ಕಂಡಿತ್ತು. ಬೆಲ್ ಪ್ರಯೋಗಾಲಯದ ಗಾರ್ಡನ್ ಪೀಟರ್ಸನ್ ಮತ್ತು ಹೆರಾಲ್ಡ್ ಬಾರ್ನಿ 1952ರಲ್ಲಿ ಗಂಡಸರು, ಹೆಂಗಸರು, ಮಕ್ಕಳು ಸೇರಿ 76 ಜನರ ಇಂಗ್ಲಿಷ್ ಸ್ವರಗಳನ್ನು ಅಳೆದಾಗ ಒಬ್ಬರ ಒಂದು ಸ್ವರ ಇನ್ನೊಬ್ಬರ ಬೇರೆ ಸ್ವರದ ಮೇಲೆ ಹೋಗಿ ಬಿದ್ದಿತ್ತು. ಕಾರಣ ಸರಳ. ಗಂಟಲಿನ ಧ್ವನಿಪೆಟ್ಟಿಗೆಯಿಂದ ತುಟಿಯವರೆಗಿನ ನಾಳ ವಯಸ್ಕ ಗಂಡಸಿನಲ್ಲಿ ಸುಮಾರು 17 ಸೆಂಟಿಮೀಟರ್, ಹೆಂಗಸಿನಲ್ಲಿ ಅದಕ್ಕಿಂತ ಎರಡು ಮೂರು ಸೆಂಟಿಮೀಟರ್ ಚಿಕ್ಕದು, ಮಗುವಿನಲ್ಲಿ ಇನ್ನೂ ಪುಟ್ಟದು. ಉದ್ದ ಕೊಳಲು, ಗಿಡ್ಡ ಕೊಳಲು ಒಂದೇ ಸದ್ದು ಕೊಟ್ಟೀತೆ?

ನಾಲಿಗೆಯ ಲೋಕದಲ್ಲಿ ತೊಡಕು ಇನ್ನೂ ಹೆಚ್ಚು. ನಾಳದ ಉದ್ದವಷ್ಟೇ ಬೇರೆಯಾಗಿದ್ದರೆ ದೊಡ್ಡದನ್ನು ಕುಗ್ಗಿಸಿ ಚಿಕ್ಕದನ್ನು ಹಿಗ್ಗಿಸಿ ಕೆಲಸ ಮುಗಿಸಬಹುದಿತ್ತು. ಆದರೆ ಒಬ್ಬರ ಅಂಗುಳ ದೇವಸ್ಥಾನದ ಗುಮ್ಮಟದ ಹಾಗೆ ಎತ್ತರ, ಇನ್ನೊಬ್ಬರದು ಮಾಡಿನ ಮನೆಯ ಅಟ್ಟದ ಹಾಗೆ ಚಪ್ಪಟೆ. ಒಬ್ಬರ ನಾಲಿಗೆ ಬಾಯಿಗೆ ಧಾರಾಳ, ಇನ್ನೊಬ್ಬರದು ಚೊಕ್ಕ. ಸೆನ್ಸರ್ ಅಂಟಿಸಿದ ಜಾಗವೂ ಇಬ್ಬರಲ್ಲಿ ಒಂದೇ ಆಗಿರುವುದಿಲ್ಲ, ಒಂದು ಮಿಲಿಮೀಟರ್ ಆಚೀಚೆ. ಮಾತಾಡುತ್ತಾ ತಲೆ ಅಲ್ಲಾಡುತ್ತದೆ. ಕತ್ತು ಎತ್ತಿ ಕೂರುವವರಿದ್ದಾರೆ, ತಗ್ಗಿಸಿ ಕೂರುವವರಿದ್ದಾರೆ. ಯಂತ್ರಕ್ಕೆ ಗೊತ್ತಿರುವುದು ಕೋಣೆಯಲ್ಲಿ ಸೆನ್ಸರ್ ಎಲ್ಲಿದೆ ಎಂಬುದಷ್ಟೆ. ಬಾಯಿಯಲ್ಲಿ ಎಲ್ಲಿದೆ ಎಂಬುದು ಅದಕ್ಕೆ ಗೊತ್ತೇ ಇಲ್ಲ!

ಹಲ್ಲು ಕಚ್ಚಿ ಸಿಕ್ಕ ಉತ್ತರ

ಈ ತೊಡಕನ್ನು ಬಿಡಿಸಿದ ಕೀಲಿಕೈ ಎಷ್ಟು ಸರಳ ನೋಡಿ. ಮಾತಾಡುವವರಿಗೆ ಒಂದು ಚಪ್ಪಟೆ ಹಲಗೆಯನ್ನು ಕೊಟ್ಟು “ಕಚ್ಚಿ ಹಿಡಿಯಿರಿ” ಅನ್ನುತ್ತಾರೆ. ಅಷ್ಟೇ! ಮೇಲ್ದವಡೆಯ ಹಲ್ಲುಗಳು ಆ ಹಲಗೆಯ ಮೇಲೆ ಕೂತಾಗ ಒಂದು ಸಮತಲ ಸಿಗುತ್ತದೆ. ಮೇಲಿನ ನಡುಬಾಚಿಹಲ್ಲಿನ ತುದಿಯೇ ಸೊನ್ನೆ. ಅಲ್ಲಿಂದ ಹಿಂದಕ್ಕೆ, ಹಲ್ಲುಗಳ ಸಮತಲದ ಗುಂಟ ಒಂದು ಗೆರೆ. ಅದಕ್ಕೆ ನೇರವಾಗಿ ಮೇಲಕ್ಕೆ ಇನ್ನೊಂದು ಗೆರೆ. ವೆಸ್ಟ್‌ಬರಿ 1994ರಲ್ಲಿ ಇದನ್ನು ವಿವರವಾಗಿ ವಾದಿಸಿದರು: ನಾಲಿಗೆಯ ಅಳತೆ ಕೋಣೆಯಿಂದ ಶುರುವಾಗಬಾರದು, ಮಾತಾಡುವವರ ಮೇಲ್ದವಡೆಯಿಂದಲೇ ಶುರುವಾಗಬೇಕು. ಮೇಲ್ದವಡೆ ತಲೆಬುರುಡೆಗೆ ಬೆಸೆದುಕೊಂಡಿದೆ, ಅದು ಕದಲುವುದಿಲ್ಲ. ಕದಲದ ಜಾಗದಿಂದ ಕದಲುವ ನಾಲಿಗೆಯನ್ನು ಅಳೆ.

ಗದ್ದದ ಕೆಳಗೆ ಅಲ್ಟ್ರಾಸೌಂಡ್ ಕಡ್ಡಿ ಒತ್ತಿ ನಾಲಿಗೆಯ ಬಾಹ್ಯರೇಖೆ ನೋಡುವವರಿಗೂ ಇದೇ ತೊಡಕು, ಇದೇ ಪರಿಹಾರ. ಅವರಿಗೆ ಇನ್ನೊಂದು ಕಷ್ಟ ಬೇರೆ: ನಾಲಿಗೆಯ ಮೇಲಿನ ಗಾಳಿಯನ್ನು ಅಲ್ಟ್ರಾಸೌಂಡ್ ದಾಟದು, ಹಾಗಾಗಿ ಅಂಗುಳ ಕಾಣದು. ಅದಕ್ಕೆ ಅವರು ಕಂಡುಕೊಂಡ ದಾರಿ ಕೇಳಿದರೆ ಮೈ ಜುಮ್ಮೆನ್ನುತ್ತದೆ. ಒಂದು ಗುಟುಕು ನೀರು ಕುಡಿಸುತ್ತಾರೆ! ನೀರು ಗಂಟಲಿಗೆ ಇಳಿಯುವ ಆ ಕ್ಷಣ ನಾಲಿಗೆ ಅಂಗುಳಗಳ ನಡುವೆ ಗಾಳಿ ಇರುವುದಿಲ್ಲ, ಅಲೆ ನೀರಿನಲ್ಲಿ ಹಾದು ಅಂಗುಳವನ್ನು ಮುಟ್ಟಿ ಮರಳುತ್ತದೆ. ಪರದೆಯ ಮೇಲೆ ಆ ಮನುಷ್ಯನ ಬಾಯಿಯ ಚಾವಣಿ ಬಿಳಿ ಗೆರೆಯಾಗಿ ಮಿಂಚಿ ಮಾಯವಾಗುತ್ತದೆ. ಒಂದು ಗುಟುಕಿನ ಹೊತ್ತಿನಲ್ಲಿ ಸಿಕ್ಕ ನಕ್ಷೆ!

ಇದನ್ನು ಓದುತ್ತಿದ್ದಾಗ ನನಗೆ ಹೊಳೆದದ್ದು ಒಂದನೇ ತರಗತಿಯ ಕಪ್ಪುಹಲಗೆ. ಕ, ಚ, ಟ, ತ, ಪ. ಕಂಠ, ತಾಲು, ಮೂರ್ಧ, ದಂತ, ಓಷ್ಠ. ನಮ್ಮ ಪ್ರಾಚೀನ ಶಿಕ್ಷಾಗ್ರಂಥಗಳು ಧ್ವನಿ ಹುಟ್ಟುವ ಕದಲದ ಜಾಗವನ್ನು ‘ಸ್ಥಾನ’ ಎಂದವು, ಅಲ್ಲಿಗೆ ಚಲಿಸಿ ಬರುವ ಅಂಗವನ್ನು ‘ಕರಣ’ ಎಂದವು. ಅವನ್ನು ರಚಿಸಿದವರ ಬಳಿ ಸೆನ್ಸರಿರಲಿಲ್ಲ, ಕಾಂತಕ್ಷೇತ್ರವಿರಲಿಲ್ಲ. ಆದರೂ ಅವರು ‘ಟ’ವನ್ನು ಇಷ್ಟು ಅಂಗುಲ ಹಿಂದೆ ಎಂದು ಹೇಳಲಿಲ್ಲ, ನಿನ್ನ ಬಾಯಿಯ ಮೂರ್ಧದಲ್ಲಿ ಹುಡುಕು ಎಂದರು. ಎಲ್ಲರ ಬಾಯಿಗೂ ಹೊಂದುವ ಅಳತೆಗೋಲು ಅದು, ಏಕೆಂದರೆ ಅದು ಪ್ರತಿಯೊಬ್ಬರ ಬಾಯೊಳಗೇ ಇದೆ. ಗುರುವಿನಿಂದ ಶಿಷ್ಯನಿಗೆ, ಒಂದು ಬಾಯಿಂದ ಇನ್ನೊಂದು ಬಾಯಿಗೆ ಉಚ್ಚಾರಣೆ ಕೆಡದೆ ದಾಟಬೇಕೆಂಬ ಅವರ ಕಾಳಜಿಯೂ, ನಾಲಿಗೆಗಳನ್ನು ಹೋಲಿಸುವ ಇಂದಿನ ವಿಜ್ಞಾನಿಯ ಕಾಳಜಿಯೂ ಬೇರಿನಲ್ಲಿ ಒಂದೇ.

ಹಿಗ್ಗಿಸಿ, ತಿರುಗಿಸಿ, ಬೇರ್ಪಡಿಸಿ

ಸೊನ್ನೆ ಸಿಕ್ಕಿತು. ಗೆರೆ ಸಿಕ್ಕಿತು. ಗಾತ್ರ ಆಕಾರಗಳ ಗೋಜಲು ಹಾಗೇ ಉಳಿಯಿತು. ಇಲ್ಲಿಂದ ಗಣಿತದ ಕೈಚಳಕ ಶುರು.

ಒಂದು ಉಪಾಯ ನಮ್ಮ ಪರೀಕ್ಷೆಯ ಅಂಕಗಳನ್ನು ಹೋಲಿಸಿದಂತೆ. ಒಂದು ಶಾಲೆಯಲ್ಲಿ ಅಂಕ ಧಾರಾಳ, ಇನ್ನೊಂದರಲ್ಲಿ ಬಿಗಿ; ಆಗ ಪ್ರತಿ ಮಗುವೂ ತನ್ನ ತರಗತಿಯ ಸರಾಸರಿಗಿಂತ ಎಷ್ಟು ಮೇಲೆ, ಎಷ್ಟು ಕೆಳಗೆ ಎಂದು ನೋಡುತ್ತೇವೆ. ಹಾಗೆಯೇ ಪ್ರತಿ ನಾಲಿಗೆಯ ಸರಾಸರಿ ಜಾಗ, ಅದು ಓಡಾಡುವ ಹರವು ಕಂಡುಹಿಡಿದು, ಎಲ್ಲವನ್ನೂ ಅದರಿಂದಲೇ ಅಳೆಯಬಹುದು. ಇನ್ನೊಂದು ಉಪಾಯದ ಹೆಸರು ಪ್ರೊಕ್ರಸ್ಟಸ್. ಗ್ರೀಕ್ ಕತೆಯಲ್ಲಿ ಅವನು ಅತಿಥಿಗಳನ್ನು ತನ್ನ ಮಂಚದ ಅಳತೆಗೆ ಎಳೆದು, ಕತ್ತರಿಸಿ ಹೊಂದಿಸುತ್ತಿದ್ದ ಕಟುಕ. ಗಣಿತದ ಪ್ರೊಕ್ರಸ್ಟಸ್ ಮಾತ್ರ ಸೌಮ್ಯ: ಆಕಾರಗಳನ್ನು ಸರಿಸುತ್ತದೆ, ತಿರುಗಿಸುತ್ತದೆ, ಒಂದೇ ಪ್ರಮಾಣದಲ್ಲಿ ಹಿಗ್ಗಿಸಿ ಕುಗ್ಗಿಸುತ್ತದೆ, ಆದರೆ ಆಕಾರವನ್ನು ಮುರಿಯುವುದಿಲ್ಲ. ಮಿಚಿಕೊ ಹಾಶಿ, ವೆಸ್ಟ್‌ಬರಿ ಮತ್ತು ಕಿಯೋಶಿ ಹೋಂಡಾ 1998ರಲ್ಲಿ ಅಂಗುಳವನ್ನೇ ನೇರವಾಗಿ ಲೆಕ್ಕಕ್ಕೆ ತಂದರು. ಇಂಗ್ಲಿಷ್ ಮತ್ತು ಜಪಾನಿ ಮಾತುಗಾರರ ಸ್ವರಗಳನ್ನು ಆಯಾ ಬಾಯಿಯ ಗಾತ್ರ, ಅಂಗುಳದ ಆಕಾರಗಳಿಗೆ ಹೊಂದಿಸಿ ನೋಡಿದಾಗ, ಚದುರಿದ್ದ ಚುಕ್ಕಿಗಳು ಹತ್ತಿರ ಹತ್ತಿರ ಬಂದವು.

ಆದರೆ ನನ್ನನ್ನು ಕುರ್ಚಿಯಿಂದ ಎಬ್ಬಿಸಿದ್ದು 1977ರ ಒಂದು ಲೆಕ್ಕ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲಾಸ್ ಏಂಜಲೀಸ್ ಕೇಂದ್ರದಲ್ಲಿ ರಿಚರ್ಡ್ ಹಾರ್ಷ್‌ಮನ್, ಪೀಟರ್ ಲ್ಯಾಡೆಫೋಗ್ಡ್, ಲೂಯಿಸ್ ಗೋಲ್ಡ್‌ಸ್ಟೀನ್ ಐದು ಜನರ ಇಂಗ್ಲಿಷ್ ಸ್ವರಗಳ ಎಕ್ಸ್‌ರೇ ಚಿತ್ರಗಳನ್ನು ತೆಗೆದುಕೊಂಡರು. ಪ್ರತಿ ಸ್ವರದಲ್ಲೂ ನಾಲಿಗೆಯ ಬೆನ್ನನ್ನು ಹಲವು ಕಡೆ ಅಳೆದರು. ಹಾರ್ಷ್‌ಮನ್ ತಾನೇ ಕಟ್ಟಿದ್ದ ‘ಪ್ಯಾರಾಫ್ಯಾಕ್’ ಎಂಬ ವಿಧಾನವನ್ನು ಅದರ ಮೇಲೆ ಓಡಿಸಿದರು. ಅಂಕಿಗಳ ಆ ಕಾಡಿನೊಳಗಿಂದ ಎದ್ದು ಬಂದದ್ದು ಎರಡೇ ಎರಡು ಚಲನೆ! ಒಂದು, ನಾಲಿಗೆಯ ಮುಂಭಾಗ ಮೇಲೇಳುತ್ತಾ ಬುಡ ಮುಂದಕ್ಕೆ ಸರಿಯುವುದು. ಇನ್ನೊಂದು, ನಾಲಿಗೆಯ ಹಿಂಭಾಗ ಮೇಲಕ್ಕೂ ಹಿಂದಕ್ಕೂ ಏರುವುದು. ಇವೆರಡನ್ನು ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿದರೆ ಎಲ್ಲ ಸ್ವರಗಳ ಆಕಾರವೂ ಬಹುಮಟ್ಟಿಗೆ ಸಿಕ್ಕಿಬಿಡುತ್ತದೆ. ಎರಡು ಬಣ್ಣದ ರಂಗೋಲಿ ಪುಡಿಯಲ್ಲಿ ಇಡೀ ಅಂಗಳ ತುಂಬಿದಂತೆ! ಪ್ರತಿಯೊಬ್ಬರೂ ಈ ಎರಡನ್ನು ತಮ್ಮದೇ ಧಾರಾಳತನದಲ್ಲಿ ಬಳಸುತ್ತಾರೆ, ಒಬ್ಬರು ಮೊದಲನೆಯದನ್ನು ಜಾಸ್ತಿ, ಇನ್ನೊಬ್ಬರು ಎರಡನೆಯದನ್ನು ಜಾಸ್ತಿ. ಬೇರೆತನ ಆ ಪ್ರಮಾಣದಲ್ಲಿ ಅಡಗಿತ್ತು, ಒಂದುತನ ಚಲನೆಯಲ್ಲಿ ಅಡಗಿತ್ತು. ಮಾತಿನಿಂದ ಹೊರಟ ಈ ವಿಧಾನ ಇಂದು ರಸಾಯನಶಾಸ್ತ್ರದಲ್ಲೂ ಮೆದುಳಿನ ಅಲೆಗಳ ಅಧ್ಯಯನದಲ್ಲೂ ದುಡಿಯುತ್ತಿದೆ.

ಮಡಚಿದರೂ ‘ರ್’, ಮುದುಡಿದರೂ ‘ರ್’

ಎಲ್ಲ ಹೊಂದಿಸಿ, ಎಲ್ಲ ತೂಗಿ ನೋಡಿದ ಮೇಲೂ ಕೆಲವು ವ್ಯತ್ಯಾಸ ಕರಗುವುದಿಲ್ಲ. ಅಮೆರಿಕನ್ ಇಂಗ್ಲಿಷಿನ ‘ರ್’ ಇದಕ್ಕೆ ದೊಡ್ಡ ಉದಾಹರಣೆ. ಪಿಯರ್ ದೆಲಾತ್ರ್ ಮತ್ತು ಡೊನಾಲ್ಡ್ ಫ್ರೀಮನ್ 1968ರಲ್ಲಿ 46 ಜನರ ಎಕ್ಸ್‌ರೇ ಚಲನಚಿತ್ರ ತೆಗೆದಾಗ ನಾಲಿಗೆಯ ಎಷ್ಟೋ ಬಗೆಯ ಭಂಗಿಗಳು ಕಂಡವು. ಕೆಲವರು ತುದಿಯನ್ನು ಮೇಲಕ್ಕೆ ಮಡಚುತ್ತಾರೆ. ಕೆಲವರು ತುದಿಯನ್ನು ಕೆಳಗಿಟ್ಟು ನಡುವನ್ನು ಗುಡ್ಡೆಯ ಹಾಗೆ ಮುದುಡುತ್ತಾರೆ. ಎರಡೂ ಭಂಗಿಗಳು ಒಂದರಿಂದೊಂದು ಪೂರ್ತಿ ಬೇರೆ. ಕಿವಿಗೆ ಒಂದೇ ‘ರ್’! ಆ ಭಾಷೆಯ ಜನರಿಗೇ ತಮ್ಮ ಪಕ್ಕದವರು ಯಾವ ಬಗೆಯವರು ಎಂದು ಗೊತ್ತಿಲ್ಲ. 2008ರಲ್ಲಿ ಎಂಆರ್‌ಐ ಬಳಸಿ ಇದನ್ನು ಪರೀಕ್ಷಿಸಿದವರು, ಮಾತು ಗುರುತಿಸಲು ಬೇಕಾದ ಮೊದಲ ಮೂರು ಅನುರಣನಗಳು ಎರಡು ಭಂಗಿಯಲ್ಲೂ ಹೆಚ್ಚುಕಡಿಮೆ ಒಂದೇ ಎಂದು ತೋರಿಸಿದರು. ವ್ಯತ್ಯಾಸ ಇದ್ದದ್ದು ಕಿವಿ ಅಷ್ಟಾಗಿ ಲಕ್ಷ್ಯ ಕೊಡದ ನಾಲ್ಕನೆಯ, ಐದನೆಯ ಅನುರಣನಗಳಲ್ಲಿ.

ನಮ್ಮ ಸುತ್ತಲಿನ ಧ್ವನಿಗಳಲ್ಲೂ ಇಂಥ ಅಚ್ಚರಿಗಳಿವೆ. ಹಳಗನ್ನಡದಲ್ಲಿ ಮೆರೆದು, ಕೇಶಿರಾಜ ತನ್ನ ‘ಶಬ್ದಮಣಿದರ್ಪಣ’ದಲ್ಲಿ ಜತನದಿಂದ ಚರ್ಚಿಸಿದ, ಈಗ ನಮ್ಮ ಬಾಯಿಂದ ಜಾರಿಹೋಗಿರುವ ೞಕಾರ ತಮಿಳಿನಲ್ಲಿ ಇನ್ನೂ ಜೀವಂತ. ಶ್ರೀಕಾಂತ್ ನಾರಾಯಣನ್ ಮತ್ತು ಜೊತೆಗಾರರು 1999ರಲ್ಲಿ ಎಂಆರ್‌ಐ, ಎಮಾ ಎರಡನ್ನೂ ಹೂಡಿ ಅದನ್ನೂ ಅದರ ನೆಂಟ ಧ್ವನಿಗಳನ್ನೂ ಅಳೆದರು. ಕವಿಗಳು ಹಾಡಿ, ವ್ಯಾಕರಣಕಾರರು ವಾದಿಸಿದ ಧ್ವನಿಯೊಂದು ಮಿಲಿಮೀಟರಿನಲ್ಲಿ ಕಾಣುವುದೆಂದರೆ!

ಇನ್ನು ಟಕಾರ. ಲ್ಯಾಡೆಫೋಗ್ಡ್ ಮತ್ತು ಪೇರಿ ಭಾಸ್ಕರರಾವ್ 1983ರಲ್ಲಿ ಹಿಂದಿ, ತೆಲುಗು, ತಮಿಳು ಮಾತುಗಾರರ ಎಕ್ಸ್‌ರೇಗಳನ್ನು ಹೋಲಿಸಿದರು. ಹಿಂದಿಯವರ ‘ಟ’ದಲ್ಲಿ ನಾಲಿಗೆಯ ತುದಿ ವಸಡಿನ ಹಿಂದೆ ನಿಂತರೆ, ತೆಲುಗು ತಮಿಳಿನವರಲ್ಲಿ ನಾಲಿಗೆ ಇನ್ನೂ ಸುರುಳಿ ಸುತ್ತಿ ಅದರ ಅಡಿಭಾಗವೇ ಅಂಗುಳವನ್ನು ಮುಟ್ಟುತ್ತಿತ್ತು. ಹೆಸರಿಗೆ ಒಂದೇ ‘ಟ’, ಬಾಯಲ್ಲಿ ಬೇರೆ ಭಂಗಿ. 2014ರಲ್ಲಿ ಸರದಿ ನಮ್ಮ ಕನ್ನಡದ್ದು. ಟೊರಾಂಟೊದ ಅಲೆಕ್ಸೀ ಕೊಚೆಟೊವ್, ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯ ಎನ್. ಶ್ರೀದೇವಿ ಮತ್ತು ಸಂಗಡಿಗರು ಕನ್ನಡದ ಒತ್ತಕ್ಷರಗಳನ್ನು ಅಲ್ಟ್ರಾಸೌಂಡ್, ಎಮಾ ಎರಡರಿಂದಲೂ ನೋಡಿದರು. ‘ಟ್ಟ’ ನಿಂತ ಭಂಗಿಯೊಂದೇ ಅಲ್ಲ, ಅದೊಂದು ಪ್ರಯಾಣ. ನಾಲಿಗೆಯ ತುದಿ ಎದ್ದು ಹಿಂದಕ್ಕೆ ಬಾಗಿ ಅಂಗುಳವನ್ನು ಮುಚ್ಚುತ್ತದೆ. ಮುಚ್ಚಿದ ಹೊತ್ತಿನಲ್ಲೇ ಮುಂದಕ್ಕೆ ಜಾರುತ್ತಾ ಬಂದು ಬಿಡುಗಡೆಯಾಗುತ್ತದೆ. ‘ಅಟ್ಟ’ ಎಂದು ಮೆಲ್ಲಗೆ ಹೇಳಿ ನೋಡಿ. ಆ ಜಾರುವಿಕೆ ನಿಮಗೇ ತಾಗುತ್ತದೆ!

ಚಪ್ಪಟೆ ಚಾವಣಿಯ ಎಚ್ಚರ

ಜನರ ನಡುವಿನ ವ್ಯತ್ಯಾಸವೇ ಒಂದು ನಿಯಮವನ್ನು ಬಚ್ಚಿಟ್ಟುಕೊಂಡಿರಬಹುದೆ? ಯಾನಾ ಬ್ರುನ್ನರ್, ಸುಸಾನ್ ಫುಕ್ಸ್, ಪಾಸ್ಕಲ್ ಪೆರಿಯೇ 2009ರಲ್ಲಿ ಕೇಳಿದ್ದು ಇದನ್ನೇ. ಚಪ್ಪಟೆ ಅಂಗುಳದವರು ಒಂದೇ ಧ್ವನಿಯನ್ನು ಮತ್ತೆ ಮತ್ತೆ ಹೇಳುವಾಗ ನಾಲಿಗೆಯನ್ನು ತುಂಬ ಕರಾರುವಾಕ್ಕಾಗಿ ಒಂದೇ ಕಡೆ ಇಡುತ್ತಿದ್ದರು. ಗುಮ್ಮಟದ ಅಂಗುಳದವರಲ್ಲಿ ಕೆಲವರು ಸಡಿಲವಾಗಿದ್ದರು. ಯಾಕೆ ಗೊತ್ತೆ? ಚಾವಣಿ ಚಪ್ಪಟೆಯಾಗಿದ್ದರೆ ನಾಲಿಗೆ ಕೂದಲಷ್ಟು ಏರಿದರೂ ಗಾಳಿಯ ದಾರಿ ಪೂರಾ ಅಗಲದಲ್ಲಿ ಕಿರಿದಾಗಿ ಸದ್ದು ಬದಲಾಗುತ್ತದೆ. ಗುಮ್ಮಟದಲ್ಲಿ ಅಷ್ಟೇ ಏರಿಕೆ ಅಷ್ಟು ಬಾಧಿಸದು. ಅಂದರೆ ಪ್ರತಿ ನಾಲಿಗೆಯೂ ತನ್ನ ಮನೆಯ ಸೂರಿನ ಎತ್ತರವನ್ನು ಅರಿತು, ಎಷ್ಟು ಎಚ್ಚರ ಬೇಕೋ ಅಷ್ಟು ಎಚ್ಚರದಿಂದ ನಡೆಯುವುದನ್ನು ಕಲಿತುಬಿಟ್ಟಿದೆ. ಯಾರೂ ಕಲಿಸಲಿಲ್ಲ!

ಇದಕ್ಕೆ ಕಳಶವಿಟ್ಟಂಥ ಪ್ರಯೋಗ 1979ರದು. ಬ್ಯೋರ್ನ್ ಲಿಂಡ್‌ಬ್ಲೋಮ್ ಮತ್ತು ಜೊತೆಗಾರರು ಜನರ ಹಲ್ಲುಗಳ ನಡುವೆ ಒಂದು ತುಂಡು ಕಚ್ಚಿಸಿ ದವಡೆಯನ್ನು ಕಟ್ಟಿಹಾಕಿದರು. ಆಮೇಲೆ ‘ಈ’ ಅನ್ನಿ ಎಂದರು. ದವಡೆ ಏಳಲಾರದು, ನಾಲಿಗೆ ದಿನದ ದಾರಿಯಲ್ಲಿ ಹೋಗಲಾರದು. ಆದರೂ ಮೊದಲ ಪ್ರಯತ್ನದಲ್ಲೇ, ಸ್ವರ ಶುರುವಾದ ಮೊದಲ ಕಂಪನದಲ್ಲೇ ಸರಿಯಾದ ಸದ್ದು ಬಂತು! ನಾಲಿಗೆ ದವಡೆಯ ಪಾಲನ್ನೂ ತಾನೇ ಹೊತ್ತು ಹೊಸ ಎತ್ತರಕ್ಕೆ ಎದ್ದಿತ್ತು. ನಮ್ಮ ಮೆದುಳು ಹಿಡಿದಿರುವುದು ದಾರಿಯನ್ನಲ್ಲ, ಊರನ್ನು. ದಾರಿ ಕಟ್ಟಿದರೆ ಬೇರೆ ದಾರಿ, ಊರು ಮಾತ್ರ ಅದೇ.

ಅಳತೆ ಯಾರಿಗೆ ಬೇಕು?

ಬೇಕಾದವರಿದ್ದಾರೆ. ‘ರ’ ಹೇಳಲಾಗದೆ ಶಾಲೆಯಲ್ಲಿ ಮುಖ ಸಪ್ಪಗೆ ಮಾಡಿಕೊಂಡ ಮಗುವಿಗೆ ಅಲ್ಟ್ರಾಸೌಂಡ್ ಪರದೆಯಲ್ಲಿ ಅದರದೇ ನಾಲಿಗೆ ತೋರಿಸಿ ತರಬೇತಿ ಕೊಡುತ್ತಾರೆ. ಆಗ ಚಿಕಿತ್ಸಕಿ ಆ ಮಗುವಿನ ಬಾಯಿಗೆ ಹೊಂದುವ ಭಂಗಿಯನ್ನು ಹುಡುಕಬೇಕು, ತನ್ನ ಭಂಗಿಯನ್ನು ಹೇರಿದರೆ ಆಗದು. ಕ್ಯಾನ್ಸರಿನಿಂದ ಧ್ವನಿಪೆಟ್ಟಿಗೆ ಕಳೆದುಕೊಂಡವರ ನಾಲಿಗೆ ತುಟಿಗಳು ಇನ್ನೂ ಮಾತಾಡಬಲ್ಲವು, ಸದ್ದಷ್ಟೇ ಇಲ್ಲ. ಆ ಮೂಕ ಚಲನೆಯನ್ನು ಓದಿ ಯಂತ್ರ ಮಾತಾಗಿಸುವ ಸಂಶೋಧನೆ ನಡೆದಿದೆ. ಹಲವರ ನಾಲಿಗೆಯಿಂದ ಯಂತ್ರ ಕಲಿತದ್ದು ಹೊಸಬರೊಬ್ಬರ ನಾಲಿಗೆಗೆ ಹೊಂದಬೇಕಾದರೆ, ಅದೇ ಪ್ರೊಕ್ರಸ್ಟಸ್, ಅದೇ ಸರಿಸು ತಿರುಗಿಸು ಹಿಗ್ಗಿಸು ನೆರವಿಗೆ ಬರುತ್ತದೆ. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪ್ರಶಾಂತ ಕುಮಾರ್ ಘೋಷ್ ಅವರ ಪ್ರಯೋಗಾಲಯ ಎಮಾ ಯಂತ್ರದಲ್ಲಿ ಮಾತುಗಾರರನ್ನು ದಾಖಲಿಸಿ, ಬರೀ ಸದ್ದು ಕೇಳಿ ನಾಲಿಗೆ ಎಲ್ಲಿದೆ ಎಂದು ಊಹಿಸುವ ವಿದ್ಯೆಯನ್ನು ಬೆಳೆಸುತ್ತಿದೆ. ನಾವು ಐಸ್‌ಕ್ರೀಮ್ ತಿನ್ನುತ್ತಾ ಮಲ್ಲೇಶ್ವರದ ಬೀದಿಯಲ್ಲಿ ಹರಟುತ್ತಿರುವಾಗ ಅಲ್ಲೇ ಸಮೀಪದಲ್ಲಿ ಒಬ್ಬರು ನಾಲಿಗೆಯ ನಕ್ಷೆ ಬಿಡಿಸುತ್ತಿರಬಹುದು!

ಅಡುಗೆಮನೆಗೆ ಮರಳುತ್ತೇನೆ. ಇಷ್ಟೆಲ್ಲ ಓದಿದ ಮೇಲೆ ಈ ಭಾನುವಾರ ಅಕ್ಕನನ್ನು ಮತ್ತೆ ಕೂರಿಸಿದೆ. “ಮತ್ತೆ ಅದೇ ಕೋಕೋನಾ?” ಅಂದಳು. “ಈ ಸಲ ಮೊದಲು ಚಾವಣಿ ನೋಡೋಣ, ಅಕ್ಕ” ಅಂದೆ. ಇಬ್ಬರೂ ಬಾಚಿಹಲ್ಲಿನ ಹಿಂದಿನಿಂದ ನಾಲಿಗೆಯ ತುದಿಯನ್ನು ಮೆಲ್ಲಗೆ ಹಿಂದಕ್ಕೆ ಎಳೆಯುತ್ತಾ ಹೋದೆವು. ವಸಡಿನ ಗಟ್ಟಿ ದಿಣ್ಣೆ ಬರುತ್ತದೆ, ಅದರಾಚೆ ಒಂದು ಕಡೆ ಅಂಗುಳ ಕಮಾನಾಗಿ ಮೇಲೇಳುತ್ತದೆ. ನನ್ನ ಬಾಯಲ್ಲಿ ಆ ತಿರುವು ದಿಣ್ಣೆ ಮುಗಿದ ಕೂಡಲೇ. ಅಕ್ಕನ ಬಾಯಲ್ಲಿ ದಿಣ್ಣೆ ಅಗಲ, ತಿರುವು ಬಹಳ ಹಿಂದೆ.

ಕೋಕೋ ಬಳಿದು ಹೇಳಿದೆವು. ಕನ್ನಡಿ ಹಿಡಿದೆವು.

ಅವಳ ಗುರುತು ಹಿಂದಿತ್ತು, ನನ್ನದು ಮುಂದಿತ್ತು, ಹೋದ ವಾರದಂತೆಯೇ. ಆದರೆ ಅವಳ ಗುರುತು ಕೂತದ್ದು ಅವಳ ಅಂಗುಳ ತಿರುಗುವಲ್ಲಿ. ನನ್ನದು ಕೂತದ್ದು ನನ್ನ ಅಂಗುಳ ತಿರುಗುವಲ್ಲಿ. ಅಮ್ಮ ನಮ್ಮಿಬ್ಬರಿಗೂ ಒಂದೇ ಜಾಗ ತೋರಿಸಿಕೊಟ್ಟಿದ್ದಳು.